ಮೂರನೇ ಕಾಲಮ್ಮು ಬರೆದ ಮೇಲೆ

ಮುಂಬಯಿಯ ಧಾರಾವಿ ಹತ್ತಿರದ ಕನ್ನಡ ಶಾಲೆ. ಮೂರನೇ ಕ್ಲಾಸು, ಮಧ್ಯಾಹ್ನದ ಪಾಳಿ, ಸುಮಾರು 30 ಮಕ್ಕಳು. "ಚೀಟಿ ಬರೆದು ಮಕ್ಕಳ ಬುದ್ಧಿ ಹಿಡೀತಾರಂತೆ" ಅಂತ ಸ್ಟಾಫ್ ರೂಮಿನಲ್ಲಿ ನಕ್ಕವರೇ ಈಗ ನನ್ನ ಚೀಟಿಯ ಜೆರಾಕ್ಸ್ ಕೇಳುತ್ತಿದ್ದಾರೆ.

ಎ-ಬಿ-ಸಿ ಚೀಟಿ ಅಂದರೆ ಮೂರು ಕಾಲಮ್ಮು: ಮೊದಲು ಏನು ನಡೆದಿತ್ತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ನಾನು ಮೊದಲು ಸೋತಿದ್ದು ಡೈರಿಯಲ್ಲಿ. ಕ್ಲಾಸಿನಲ್ಲಿ ಮಕ್ಕಳು ಏನೇನು ಮಾಡಿದರು ಅಂತ ಜೂನ್, ಜುಲೈ ಪೂರ್ತಿ ಡೊಂಬಿವಲಿ ಲೋಕಲ್ ರೈಲಿನಲ್ಲಿ ನಿಂತುಕೊಂಡೇ ನೆನಪಿನಿಂದ ಬರೆದೆ. ಆಮೇಲೆ ಓದಿದರೆ ಮಕ್ಕಳಿಗಿಂತ ನನ್ನ ಸಿಟ್ಟೇ ಜಾಸ್ತಿ ಇತ್ತು. ನಂತರ ದಾದರ್‌ನಲ್ಲಿ ಬೆರಳಿಗೆ ಹಾಕುವ ಜಪದ ಕೌಂಟರ್ ತಂದೆ, 60-70 ರೂಪಾಯಿ ಇರಬೇಕು. ಯಾರಾದರೂ ಜಾಗ ಬಿಟ್ಟು ಎದ್ದರೆ ಟಕ್. ಮೂರೇ ದಿನ, ಆ ಸದ್ದು ಕೇಳೋದಕ್ಕೇ ಎದ್ದು ಓಡಾಡತೊಡಗಿದವು! ದುಡ್ಡು ನೀರಲ್ಲಿ ಹೋಮ.

ಕೊನೆಗೆ ಅರ್ಧ ಹಾಳೆ, 20 ನಿಮಿಷಕ್ಕೊಂದು ಮನೆ, ಗಲಾಟೆಯಾದಾಗಲೆಲ್ಲ ಪೆನ್ಸಿಲ್ ಚುಕ್ಕಿ. ಚೀಟಿ ಯಾರ ಕೈಗಾದರೂ ಸಿಗಬಹುದು ಅಂತ ನಿಜವಾದ ಹೆಸರು ಬರೆಯಲಿಲ್ಲ. ಒಬ್ಬ ಹುಡುಗ 'ಹುಣಸೆ'. ದಿನಾ ಪಕ್ಕದವನಿಗೆ ಗುದ್ದು. ಶಾಲೆಯ ಖಿಚಡಿ ತಿಂದ ಕೊಬ್ಬು ಅಂದರು ಎಲ್ಲರೂ. ಮೂರು ವಾರದ ಚುಕ್ಕಿ ನೋಡಿದೆ. ಖಿಚಡಿಗೂ ಅದಕ್ಕೂ ಸಂಬಂಧವೇ ಇಲ್ಲ. ಎಲ್ಲ ಚುಕ್ಕಿಯೂ ಗಟ್ಟಿಯಾಗಿ ಓದಿಸುವ ಹೊತ್ತಿಗೆ, ಅದೂ ಅವನ ಸರದಿಗೆ ಇಬ್ಬರು ಮೂವರು ಬಾಕಿ ಇರುವಾಗ. ಅಲ್ಲಿವರೆಗೆ ಖಾಲಿ ಬಿಟ್ಟಿದ್ದ ಮೂರನೇ ಕಾಲಮ್ಮನ್ನು, ಅಂದರೆ ಆಮೇಲೆ ನಾನೇನು ಮಾಡಿದೆ ಅನ್ನೋದನ್ನು, ಬರೆಯತೊಡಗಿದೆ: ಹೊರಗೆ ನಿಲ್ಲಿಸಿದೆ. ಹೊರಗೆ ನಿಲ್ಲಿಸಿದೆ. ಚಾಕ್ ತರಲು ಕಳಿಸಿದೆ. ಓದೋದು ತಪ್ಪಲಿ ಅಂತ ಅವನು ಗುದ್ದುತ್ತಿದ್ದ, ನಾನು ತಪ್ಪಿಸಿ ಕೊಡುತ್ತಿದ್ದೆ!

ಹಿಂದಿನ ದಿನವೇ ಎರಡು ಸಾಲು ಹೇಳಿಕೊಟ್ಟು, ಮೊದಲ ಸರದಿ ಅವನಿಗೇ ಕೊಟ್ಟೆ. ಗುದ್ದಿದರೂ ಹೊರಗೆ ಕಳಿಸಲಿಲ್ಲ. ಮೊದಲ ವಾರ ಇನ್ನೂ ಹದಗೆಟ್ಟಿತು, ವಾರಕ್ಕೆ 10-12 ಇದ್ದ ಚುಕ್ಕಿ 15 ದಾಟಿತು. ಹೆಡ್‌ಮಾಸ್ಟರ್ ಹತ್ತಿರ ಬೈಸಿಕೊಂಡೆ. ದೀಪಾವಳಿ ರಜೆಯ ಹೊತ್ತಿಗೆ ವಾರಕ್ಕೆ ಒಂದೋ ಎರಡೋ. ಅವನ ಪಕ್ಕದಲ್ಲಿ ಎಂಥ ಮಗುವನ್ನು ಕೂರಿಸಿದೆ ಅನ್ನೋದು ಮಾತ್ರ ನನ್ನ ಗುಟ್ಟು, ಜೆರಾಕ್ಸ್‌ನಲ್ಲಿ ಸಿಗೋದಿಲ್ಲ.

ನಡುವೆ ಸುಮ್ನೆ ಇನ್ನೊಂದು ನೋಡಿದೆ. ಮಳೆ ಬಂದರೆ ಗಲಾಟೆ ಜಾಸ್ತಿ ಅಂತಾರಲ್ವಾ? ಆಗಸ್ಟ್‌ನಲ್ಲಿ ಮಳೆಯ ದಿನಕ್ಕೆ ಕೆಂಪು ಚುಕ್ಕಿ ಹಾಕಿದೆ. ಲೆಕ್ಕ ಹಾಕಿದರೆ ಕಡಿಮೆ! ಬೀಗಿದೆ. ಆಮೇಲೆ ಹಾಜರಿ ತೆಗೆದು ನೋಡಿದರೆ ಅರ್ಧ ಕ್ಲಾಸೇ ಬಂದಿರಲಿಲ್ಲ.

ಜೆರಾಕ್ಸ್‌ಗೆ ಎಲ್ಲ ಸೇರಿ 200 ರೂಪಾಯಿ ಆಗಿರಬಹುದು, ನನ್ನ ಕೈಯಿಂದಲೇ. ಈಗ 'ಬೆಲ್ಲ' ಅನ್ನುವ ಹುಡುಗಿಯ ಚೀಟಿ ನಡೆಯುತ್ತಿದೆ. ಗುದ್ದಿಲ್ಲ, ಗಲಾಟೆಯಿಲ್ಲ, ಮಾತೂ ಇಲ್ಲ. ಎರಡು ವಾರವಾಯಿತು, ಯಾವುದಕ್ಕೆ ಚುಕ್ಕಿ ಹಾಕಬೇಕು ಅನ್ನೋದೇ ಹೊಳೆದಿಲ್ಲ.