ಮೆಥಿಲೀನ್ ಬ್ಲೂ, ಕೆಂಪು ಬೆಳಕು ಮತ್ತು ಫಾಜ್ ವೈರಾಣು: ಪದವಿ ಕಾಲೇಜಿನಲ್ಲಿ ಮಾಡಬಹುದಾದ ಒಂದು ಪ್ರಯೋಗ

ಬೆಳಕು ಬಿದ್ದಾಗ ಮಾತ್ರ ವೈರಾಣುವಿನ ಮೇಲೆ ಕೆಲಸ ಮಾಡುವ ಬಣ್ಣಗಳಲ್ಲಿ ನಮಗೆ ಸುಲಭವಾಗಿ ಸಿಗುವುದು ಮೆಥಿಲೀನ್ ಬ್ಲೂ. ಸೂಕ್ಷ್ಮದರ್ಶಕದಡಿ ಜೀವಕೋಶಗಳಿಗೆ ಬಣ್ಣ ಹಾಕಲೆಂದು ತರಿಸಿದ ಅದರ ಬಾಟಲಿ ಬಹುತೇಕ ಎಲ್ಲ ಕಾಲೇಜುಗಳ ಕಪಾಟಿನಲ್ಲೂ ಇರುತ್ತದೆ. 660 ನ್ಯಾನೊಮೀಟರ್ ಆಸುಪಾಸಿನ ಕೆಂಪು ಬೆಳಕನ್ನು ಹೀರಿಕೊಂಡ ಈ ಅಣು, ತನಗೆ ದಕ್ಕಿದ ಶಕ್ತಿಯನ್ನು ನೀರಿನಲ್ಲಿ ಕರಗಿರುವ ಆಮ್ಲಜನಕಕ್ಕೆ ದಾಟಿಸುತ್ತದೆ. ಹಾಗೆ ಹುಟ್ಟಿದ ಸಿಂಗ್ಲೆಟ್ ಆಮ್ಲಜನಕವು, ಅಂದರೆ ಶಕ್ತಿ ತುಂಬಿಕೊಂಡ ಬಹು ಚುರುಕಿನ ಆಮ್ಲಜನಕವು, ಪಕ್ಕದಲ್ಲೇ ಇರುವ ವೈರಾಣುವಿನ ಗ್ವಾನಿನ್ (ಡಿಎನ್‌ಎ, ಆರ್‌ಎನ್‌ಎಗಳ ಒಂದು ಘಟಕ) ಮತ್ತು ಪ್ರೋಟೀನುಗಳನ್ನು ಉತ್ಕರ್ಷಿಸಿ ಕೆಡಿಸುತ್ತದೆ. ಯುರೋಪಿನ ಕೆಲವು ರಕ್ತನಿಧಿಗಳು ಪ್ಲಾಸ್ಮಾದಲ್ಲಿರಬಹುದಾದ ವೈರಾಣುಗಳನ್ನು ನಿಷ್ಕ್ರಿಯಗೊಳಿಸಲು 1990ರ ದಶಕದಿಂದಲೂ ಇದೇ ತತ್ವವನ್ನು ಬಳಸುತ್ತಿವೆ. ರಾಯಚೂರಿನ ಒಂದು ಸಾಧಾರಣ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳಿಂದ ಇದನ್ನು ಮಾಡಿಸಿದ ಅನುಭವದ ಮೇಲೆ ಇಲ್ಲಿಯ ಕ್ರಮವನ್ನು ಬರೆದಿದ್ದೇನೆ.

ಮನುಷ್ಯರಿಗೆ ತಗಲುವ ಯಾವ ವೈರಾಣುವನ್ನೂ ಇದಕ್ಕೆ ಬಳಸಕೂಡದು. ಬ್ಯಾಕ್ಟೀರಿಯಾಗಳಿಗೆ ಮಾತ್ರ ಅಂಟುವ ಟಿ7 ಫಾಜ್ ಮತ್ತು ಅದು ಬೆಳೆಯುವ ಇ. ಕೋಲೈ ಬಿ ಎಂಬ ನಿರುಪದ್ರವಿ ತಳಿ ಸಾಕು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದಲೇ ಫಾಜ್ ಹಿಡಿಯೋಣವೆಂದು ವಿದ್ಯಾರ್ಥಿಗಳು ಪ್ರತಿ ವರ್ಷ ಕೇಳುತ್ತಾರೆ. ಸಿಗುವುದೇನೋ ನಿಜ, ಆದರೆ ಮೊದಲ ಸಲಕ್ಕೆ ಬೇಡ. ಕಾಲುವೆ ನೀರಿನ ರಾಡಿ ಬೆಳಕನ್ನು ತಡೆಯುತ್ತದೆ, ಅದರಲ್ಲಿ ಇನ್ನೇನೇನು ಇದೆಯೆಂಬುದೂ ತಿಳಿಯುವುದಿಲ್ಲ.

ಬಣ್ಣದ ಮೂಲದ್ರಾವಣಕ್ಕೆ 32 ಮಿಲಿಗ್ರಾಂ ಮೆಥಿಲೀನ್ ಬ್ಲೂವನ್ನು 100 ಮಿಲಿಲೀಟರ್ ಶುದ್ಧ ನೀರಿನಲ್ಲಿ ಕರಗಿಸಿದರೆ 1 ಮಿಲಿಮೋಲಾರ್ ಆಗುತ್ತದೆ. ಬಾಟಲಿಯ ಚೀಟಿಯ ಮೇಲೆ ಟ್ರೈಹೈಡ್ರೇಟ್ ಎಂದಿದ್ದರೆ ಅದರೊಳಗಿನ ನೀರಿನ ತೂಕವನ್ನೂ ಸೇರಿಸಿ 37 ಮಿಲಿಗ್ರಾಂ ತೆಗೆದುಕೊಳ್ಳಬೇಕು. ಫಾಜನ್ನು ಫಾಸ್ಫೇಟ್ ಬಫರಿನಲ್ಲಿಯೇ ತೆಳುಗೊಳಿಸಿ, ಪೋಷಕ ಸಾರಿನಲ್ಲಿ ಬೇಡ. ಸಾರಿನಲ್ಲಿರುವ ಪ್ರೋಟೀನು ಸಿಂಗ್ಲೆಟ್ ಆಮ್ಲಜನಕವನ್ನು ತಾನೇ ನುಂಗಿಕೊಂಡು ವೈರಾಣುವಿಗೆ ಗುರಾಣಿಯಾಗಿ ನಿಲ್ಲುತ್ತದೆ. 9.9 ಮಿಲಿಲೀಟರ್ ಫಾಜ್ ದ್ರಾವಣಕ್ಕೆ 0.1 ಮಿಲಿಲೀಟರ್ ಮೂಲದ್ರಾವಣ ಬೆರೆಸಿದಾಗ ಬಣ್ಣದ ಪ್ರಮಾಣ 10 ಮೈಕ್ರೋಮೋಲಾರ್‌ಗೆ ಬರುತ್ತದೆ.

ಇನ್ನು ನಾಲ್ಕು ಪೆಟ್ರಿ ತಟ್ಟೆಗಳನ್ನು ಸಿದ್ಧಪಡಿಸಬೇಕು. ಒಂದರಲ್ಲಿ ಬಣ್ಣವೂ ಬೆಳಕೂ ಎರಡೂ ಇರುತ್ತವೆ, ಒಂದರಲ್ಲಿ ಬಣ್ಣವಿದ್ದು ಬೆಳಕಿರುವುದಿಲ್ಲ, ಇನ್ನೊಂದರಲ್ಲಿ ಬೆಳಕಿದ್ದು ಬಣ್ಣವಿರುವುದಿಲ್ಲ, ಕೊನೆಯದರಲ್ಲಿ ಎರಡೂ ಇರುವುದಿಲ್ಲ. ಸಮಯ ಉಳಿಸಲೆಂದು ಮೊದಲ ತಟ್ಟೆಯೊಂದನ್ನೇ ಇಟ್ಟು ಫಲಿತಾಂಶ ಬರೆದ ವರದಿಗಳನ್ನು ನಾನು ಹಿಂದಿರುಗಿಸುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ವೈರಾಣುವನ್ನು ಕೊಂದದ್ದು ಬೆಳಕೋ, ಬಣ್ಣವೋ, ಬರೀ ಕಾವೋ ಎಂಬುದನ್ನು ಉಳಿದ ಮೂರು ತಟ್ಟೆಗಳೇ ಹೇಳಬೇಕು. ಬಿಸಿಲು ಪುಕ್ಕಟೆ ಸಿಗುತ್ತದೆಂದು ತಟ್ಟೆಗಳನ್ನು ಮಾಳಿಗೆಯ ಮೇಲೆ ಇಡುವುದೂ ಸರಿಯಲ್ಲ, ಏಕೆಂದರೆ ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳು ಬಣ್ಣದ ಹಂಗಿಲ್ಲದೆಯೇ ಫಾಜನ್ನು ಕೆಡಿಸುತ್ತವೆ.

ಕತ್ತಲೆಯ ತಟ್ಟೆಯ ವಿಷಯದಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಮೊದಲ ವರ್ಷ ಬಣ್ಣವಿದ್ದ ಕತ್ತಲೆಯ ತಟ್ಟೆಯಲ್ಲಿಯೂ ಫಾಜ್ ಸಂಖ್ಯೆ ಇಳಿದಿತ್ತು. ಬಣ್ಣವೇ ವಿಷವಾಗಿರಬೇಕೆಂದು ಎರಡು ವಾರ ಅದರ ಪ್ರಮಾಣವನ್ನು ತಗ್ಗಿಸುತ್ತ ಹೋದೆ. ಕೊನೆಗೆ ತಿಳಿದದ್ದೇನೆಂದರೆ, ತಟ್ಟೆಯನ್ನು ಅಲ್ಯೂಮಿನಿಯಂ ಹಾಳೆಯಿಂದ ಸುತ್ತಿ ಜೋಪಾನವಾಗಿ ಇಟ್ಟಿದ್ದೆವಾದರೂ, ಅದನ್ನು ಬಿಚ್ಚಿ ಅರ್ಧ ಗಂಟೆ ಪಿಪೆಟ್ ಹಿಡಿದು ಕೂರುತ್ತಿದ್ದದ್ದು ಉರಿಯುವ ಟ್ಯೂಬ್‌ಲೈಟಿನ ಕೆಳಗೆ. 1900ರಲ್ಲಿ ಮ್ಯೂನಿಕ್‌ನ ಆಸ್ಕರ್ ರಾಬ್ ಅವರು ಪ್ರಕಟಿಸಿದ ಪ್ರಯೋಗದ ಕಥೆಯೂ ಇದಕ್ಕೆ ಹತ್ತಿರದ್ದೇ. ಅಕ್ರಿಡಿನ್ ಬಣ್ಣದಲ್ಲಿಟ್ಟ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಗಳು ಒಮ್ಮೆ ಬೇಗ ಸಾಯುತ್ತಿದ್ದವು, ಇನ್ನೊಮ್ಮೆ ತಡವಾಗಿ ಸಾಯುತ್ತಿದ್ದವು, ವ್ಯತ್ಯಾಸವಿದ್ದದ್ದು ಆ ಹೊತ್ತಿನ ಬೆಳಕಿನಲ್ಲಿ. ಈಗ ನಾವು ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ, ಮಲಗುವ ಕೋಣೆಗೆ ಹಾಕುವ ನೀಲಿ ಎಲ್‌ಇಡಿ ಝೀರೋ ಬಲ್ಬಿನ ಬೆಳಕಿನಲ್ಲಿ ಕೆಲಸ ಮಾಡುತ್ತೇವೆ. ಮೆಥಿಲೀನ್ ಬ್ಲೂ ನೀಲಿ ಬೆಳಕನ್ನು ಬಹಳ ಕಡಿಮೆ ಹೀರುತ್ತದೆ. ಹಳೆಯ ಫೋಟೊ ಸ್ಟುಡಿಯೋಗಳನ್ನು ನೆನೆದು ಕೆಂಪು ಬಲ್ಬು ಹಾಕಿದರೆ ಮಾತ್ರ ಕೆಲಸ ಕೆಟ್ಟಂತೆಯೇ.

ಬೆಳಕಿಗೆ ಗಿಡ ಬೆಳೆಸುವವರು ಕೊಳ್ಳುವ 660 ನ್ಯಾನೊಮೀಟರ್‌ನ ಕೆಂಪು ಎಲ್‌ಇಡಿ ದೀಪ ಸಾಕಾಗುತ್ತದೆ. 9 ಸೆಂಟಿಮೀಟರ್ ಅಗಲದ ತಟ್ಟೆಯಲ್ಲಿ 10 ಮಿಲಿಲೀಟರ್ ದ್ರಾವಣ ಹಾಕಿದರೆ ಆಳ ಸುಮಾರು ಒಂದೂವರೆ ಮಿಲಿಮೀಟರ್ ಇರುತ್ತದೆ. ಅದಕ್ಕಿಂತ ಆಳವಾದರೆ ಮೇಲಿನ ಪದರದ ಬಣ್ಣವೇ ಬೆಳಕನ್ನು ಹೀರಿ ಕೆಳಗಿನದಕ್ಕೆ ನೆರಳಾಗುತ್ತದೆ. ನಾಲ್ಕೂ ತಟ್ಟೆಗಳನ್ನು ನೀರು ತುಂಬಿದ ಒಂದೇ ಟ್ರೇಯಲ್ಲಿ ತೇಲಿಸಿ, ಬೆಳಕು ಬೇಡವಾದ ಎರಡನ್ನು ಹಾಳೆಯಿಂದ ಮುಚ್ಚಿ, ಥರ್ಮಾಮೀಟರ್ ಇಳಿಬಿಟ್ಟು, ನೀರು 30 ಡಿಗ್ರಿ ಮೀರದಂತೆ ಮಂಜುಗಡ್ಡೆಯ ಚೂರುಗಳನ್ನು ಹಾಕುತ್ತಿರಿ. ದೀಪವನ್ನು 10 ಸೆಂಟಿಮೀಟರ್ ಮೇಲೆ ಕಟ್ಟಿ 0, 5, 10 ಮತ್ತು 20ನೇ ನಿಮಿಷಕ್ಕೆ ಪ್ರತಿ ತಟ್ಟೆಯಿಂದ ಮಾದರಿ ತೆಗೆಯಿರಿ. ನಡುವೆ ಕರೆಂಟ್ ಹೋದರೆ ಗಡಿಯಾರ ನಿಲ್ಲಿಸಿ ಮುಂದುವರಿಸುವುದಲ್ಲ, ಹೊಸ ತಟ್ಟೆಗಳಿಂದ ಮತ್ತೆ ಶುರುಮಾಡಬೇಕು.

ಎಣಿಕೆಯ ಭಾಗ ಮಾಮೂಲಿನದು. ಹತ್ತರ ಮಡಿಕೆಯಲ್ಲಿ ತೆಳುಗೊಳಿಸಿದ 0.1 ಮಿಲಿಲೀಟರ್ ಮಾದರಿ, 0.2 ಮಿಲಿಲೀಟರ್ ಬ್ಯಾಕ್ಟೀರಿಯಾ ಮತ್ತು 45 ಡಿಗ್ರಿಯಲ್ಲಿ ಕರಗಿಟ್ಟ 3 ಮಿಲಿಲೀಟರ್ ತೆಳು ಅಗಾರನ್ನು ಕೂಡಿಸಿ ಗಟ್ಟಿ ಅಗಾರಿನ ಮೇಲೆ ಸುರಿದು 37 ಡಿಗ್ರಿಯಲ್ಲಿ ಇಡಿ. ಟಿ7ರ ಪ್ಲಾಕುಗಳು, ಅಂದರೆ ಫಾಜ್ ಬ್ಯಾಕ್ಟೀರಿಯಾಗಳನ್ನು ಕೊಂದ ಜಾಗದ ತಿಳಿ ಚುಕ್ಕೆಗಳು, ಕೆಲವೇ ಗಂಟೆಗಳಲ್ಲಿ ಕಾಣತೊಡಗಿ ಹಿಗ್ಗುತ್ತ ಹೋಗುತ್ತವೆ, ಆದ್ದರಿಂದ ರಾತ್ರಿಯಿಡೀ ಬಿಟ್ಟರೆ ಒಂದರೊಳಗೊಂದು ಬೆರೆತು ಎಣಿಸಲಾಗುವುದಿಲ್ಲ. 30ರಿಂದ 300ರವರೆಗೆ ಪ್ಲಾಕುಗಳಿರುವ ತಟ್ಟೆಯನ್ನೇ ಲೆಕ್ಕಕ್ಕೆ ಹಿಡಿಯಿರಿ. ಉದಾಹರಣೆಗೆ, ಆರಂಭದ ಮಾದರಿಯನ್ನು ಲಕ್ಷ ಪಟ್ಟು ತೆಳುಗೊಳಿಸಿದಾಗ 84 ಪ್ಲಾಕು ಬಂದರೆ ಮಿಲಿಲೀಟರಿಗೆ 8.4 ಕೋಟಿ ಫಾಜ್‌ಗಳಿದ್ದವೆಂದಾಯಿತು. ಬೆಳಕಿನ ನಂತರ ನೂರು ಪಟ್ಟು ತೆಳುಗೊಳಿಸಿದಾಗ 42 ಬಂದರೆ ಉಳಿದದ್ದು 42 ಸಾವಿರ. ಇಳಿಕೆ ಎರಡು ಸಾವಿರ ಪಟ್ಟು, ಲಾಗ್ ಲೆಕ್ಕದಲ್ಲಿ 3.3. ಇದೇ ಲೆಕ್ಕವನ್ನು ಉಳಿದ ಮೂರು ತಟ್ಟೆಗಳಿಗೂ ಮಾಡಿ ಪಕ್ಕದಲ್ಲಿ ಬರೆಯಿರಿ.

ತೊನ್ನಿಗೆ ಬಾವಂಚಿ ಬೀಜ ಹಚ್ಚಿ ಬಿಸಿಲಿಗೆ ಕೂರಿಸುವ ಹಳೆಯ ಪದ್ಧತಿಯೂ ಇದೇ ಅಲ್ಲವೇ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದ್ದಳು. ನೆಂಟಸ್ತಿಕೆ ಇದೆ, ಆದರೆ ದಾರಿ ಬೇರೆ. ಬಾವಂಚಿಯಲ್ಲಿರುವ ಸೊರಾಲೆನ್, ನೇರಳಾತೀತ ಎ ಕಿರಣ ಬಿದ್ದಾಗ ಆಮ್ಲಜನಕದ ನೆರವಿಲ್ಲದೆ ಡಿಎನ್‌ಎಯ ಎರಡು ಎಳೆಗಳನ್ನು ನೇರವಾಗಿ ಹೊಲಿದುಬಿಡುತ್ತದೆ. ಅದೇ ಕುಟುಂಬದ ಅಮೊಟೊಸಾಲೆನ್ ಎಂಬ ಕೃತಕ ಸಂಯುಕ್ತವನ್ನು ರಕ್ತನಿಧಿಯ ಪ್ಲೇಟ್‌ಲೆಟ್ ಚೀಲಗಳಲ್ಲಿರಬಹುದಾದ ರೋಗಾಣುಗಳನ್ನು ನಿಷ್ಕ್ರಿಯಗೊಳಿಸಲು ಬಳಸುತ್ತಾರೆ. ಇಷ್ಟು ಕೇಳಿದ ಮೇಲೆ ಯಾರೂ ಬಾವಂಚಿಯನ್ನು ಮೈಗೆ ಹಚ್ಚಿಕೊಂಡು ಬಿಸಿಲಿಗೆ ಹೋಗಬಾರದು, ಬೊಬ್ಬೆ ಏಳುತ್ತದೆ. ಮೆಥಿಲೀನ್ ಬ್ಲೂವನ್ನು ವೈರಾಣು ಔಷಧವೆಂದು ಕುಡಿಯುವುದು ಇನ್ನೂ ಅಪಾಯ: ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವವರಲ್ಲಿ ಕೆಂಪು ರಕ್ತಕಣಗಳು ಒಡೆಯಬಹುದು, ಖಿನ್ನತೆಯ ಕೆಲವು ಮಾತ್ರೆಗಳೊಡನೆ ಸೇರಿದರೆ ಜೀವಕ್ಕೇ ಕುತ್ತು ಬರಬಹುದು.

ಕೆಲಸ ಮುಗಿದ ನಂತರ ತಟ್ಟೆಗಳನ್ನೂ ಉಳಿದ ದ್ರಾವಣವನ್ನೂ ಆಟೊಕ್ಲೇವಿನಲ್ಲಿ 121 ಡಿಗ್ರಿಗೆ 20 ನಿಮಿಷ ಇಟ್ಟು ಆಮೇಲೆಯೇ ಹೊರಹಾಕಿ. ಕೈಗವಸು ಹಾಕದವರ ಬೆರಳುಗಳು ಎರಡು ಮೂರು ದಿನ ನೀಲಿಯಾಗಿರುತ್ತವೆ.