ಹೋಟೆಲ್ ಲಾಬಿಗೆ ಸ್ಪಂದಿಸುವ ಗೋಡೆ: ಸ್ಕ್ರೀನ್ ಖರೀದಿ ಆಮೇಲೆ

ಹೋಟೆಲ್ ಲಾಬಿಗೆ ಬರುವವರು ದಣಿದಿರುತ್ತಾರೆ. ಕೈಯಲ್ಲಿ ಸೂಟ್‌ಕೇಸ್, ತಲೆಯಲ್ಲಿ ರೂಮಿನ ಕೀ ಯಾವಾಗ ಸಿಗುತ್ತದೋ ಎನ್ನುವ ಯೋಚನೆ. ಅವರ ಮುಂದೆ, ಓಡಾಟಕ್ಕೆ ತಕ್ಕಂತೆ ಚಿತ್ರ ಬದಲಾಗುವ ಡಿಜಿಟಲ್ ಗೋಡೆ ನಿಲ್ಲಿಸುವ ಮೊದಲು ಲಾಬಿಯಲ್ಲಿ ಸುಮ್ನೆ ಕೂತು ನೋಡಿ. ಬೆಳಿಗ್ಗೆ ಚೆಕ್‌ಔಟ್ ಹೊತ್ತಿನಲ್ಲಿ, ಸಂಜೆ, ನಡುರಾತ್ರಿಯಲ್ಲೂ. ಜನ ಎಲ್ಲಿ ಕಾಯುತ್ತಾರೆ, ಲಿಫ್ಟ್‌ಗೆ ಯಾವ ದಾರಿ ಹಿಡಿಯುತ್ತಾರೆ ಅಂತ ನಕ್ಷೆಯಲ್ಲಿ ಗುರುತು ಹಾಕಿ. ಓಡಾಟಕ್ಕೆ ಅಡ್ಡ ಬರುವ ಜಾಗ ಬಿಟ್ಟುಬಿಡಿ. ಗೋಡೆಯೇ ಬೇಕೆಂದೇನಿಲ್ಲ. ಲಾಸ್ ವೇಗಸ್‌ನಲ್ಲಿ 2010ರಲ್ಲಿ ಶುರುವಾದ ಕಾಸ್ಮೊಪಾಲಿಟನ್ ಹೋಟೆಲ್ ಲಾಬಿಯ ಕಂಬಗಳನ್ನೇ ಪರದೆ ಮಾಡಿಕೊಂಡಿತು.

ಮುಂದಿನದು, ಗೋಡೆ ಹೇಗೆ ಸ್ಪಂದಿಸಬೇಕು ಎನ್ನುವುದು. ಕೈ ಖಾಲಿ ಇಲ್ಲದವರಿಗೆ ಟಚ್‌ಸ್ಕ್ರೀನ್ ಯಾಕೆ? ನಡೆದರೆ ಸಾಕು, ಚಿತ್ರ ಜೊತೆಗೆ ಸರಿಯಬೇಕು. ನಿಂತರೆ ಇನ್ನಷ್ಟು ಅರಳಬೇಕು. ಯಾರೂ ಇಲ್ಲದಾಗಲೂ ನೋಡುವಂತಿರಬೇಕು. ಸ್ಪಂದನೆ 0.1 ಸೆಕೆಂಡಿಗಿಂತ ತಡವಾದರೆ ಅದು ತನ್ನಿಂದಲೇ ಆಗುತ್ತಿದೆ ಅಂತ ನಡೆಯುವವನಿಗೆ ಅನ್ನಿಸುವುದು ಕಷ್ಟ. ‘ಇಲ್ಲಿ ಕೈ ಬೀಸಿ’ ಅಂತ ಬೋರ್ಡ್ ಹಾಕಬೇಕಾದರೆ ವಿನ್ಯಾಸ ಕೆಟ್ಟಿದೆ ಅಂತಲೇ ನನ್ನ ಲೆಕ್ಕ.

ಜಾಸ್ತಿ ತಲೆಕೆಡಿಸಿಕೊಳ್ಳಬೇಕಾದದ್ದು ಜನರ ಚಲನೆ ಗುರುತಿಸುವ ಸೆನ್ಸರ್ ಬಗ್ಗೆ. ಎದುರಿನವರು ಎಷ್ಟು ದೂರದಲ್ಲಿದ್ದಾರೆ ಅಂತ ಅಳೆಯುವ ಡೆಪ್ತ್ ಕ್ಯಾಮೆರಾಗಳಲ್ಲಿ ಹಲವು, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ನಂಬಿರುತ್ತವೆ. ಬಿಸಿಲಿನಲ್ಲೂ ಅದೇ ಬೆಳಕಿದೆ. ಗಾಜಿನ ಲಾಬಿಯಲ್ಲಿ ರಾತ್ರಿ ಚೆನ್ನಾಗಿ ನಡೆದದ್ದು ಮಧ್ಯಾಹ್ನ ಕುರುಡಾಗಬಹುದು. ಹಾಗಾಗಿ ಬಿಸಿಲು ಬೀಳುವ ಹೊತ್ತಿನಲ್ಲೇ ಪರೀಕ್ಷೆ ಮಾಡಿ. ಲೈಡಾರ್ ಲೇಸರ್‌ನಿಂದ ದೂರ ಅಳೆಯುತ್ತದೆ, ಮುಖ ಗುರುತಿಸುವಷ್ಟು ವಿವರ ಅದಕ್ಕೆ ಸಿಗುವುದಿಲ್ಲ. ಅತಿಥಿಗಳ ಖಾಸಗಿತನಕ್ಕೆ ಅದೇ ವಾಸಿ. ಆದರೆ ಒಂದೇ ಎತ್ತರದಲ್ಲಿ ಸುತ್ತಲೂ ಅಳೆಯುವ ಲೈಡಾರ್‌ಗೆ ಲಗೇಜ್ ಟ್ರಾಲಿಯೂ ಮನುಷ್ಯನಂತೆ ಕಂಡೀತು! ಕ್ಯಾಮೆರಾ ಬಳಸಿದರೆ ದೃಶ್ಯ ಉಳಿಸಿಕೊಳ್ಳಬೇಡಿ, ಕ್ಯಾಮೆರಾ ಇದೆ ಅಂತ ತಿಳಿಸಿ.

ಇಷ್ಟಾದ ಮೇಲೆ ಪ್ರೊಜೆಕ್ಟರ್ ಬಾಡಿಗೆಗೆ ತಂದು, ಟಚ್‌ಡಿಸೈನರ್ ಅಥವಾ ಯೂನಿಟಿ ಎನ್ನುವ ಸಾಫ್ಟ್‌ವೇರ್‌ನಲ್ಲಿ ಒರಟಾಗಿ ಒಂದು ಮಾದರಿ ಮಾಡಿ, ಅದೇ ಜಾಗದಲ್ಲಿ ಓಡಿಸಿ. ಜನ ನಿಂತು ನೋಡಿದರೆ ಆಗ ಎಲ್‌ಇಡಿ ಪರದೆ ಕೊಳ್ಳಿ. ಪರದೆಯ ಪಿಕ್ಸೆಲ್‌ಗಳ, ಅಂದರೆ ಬೆಳಕಿನ ಚುಕ್ಕೆಗಳ ನಡುವಿನ ಅಂತರ ಎಷ್ಟು ಮಿಲಿಮೀಟರೋ, ನೋಡುಗ ಕನಿಷ್ಠ ಅಷ್ಟು ಮೀಟರ್ ದೂರ ಇರಬೇಕು ಎನ್ನುವುದು ಅಂದಾಜಿನ ಲೆಕ್ಕ. 2.5 ಮಿ.ಮೀ. ಪರದೆಗೆ 2.5 ಮೀಟರ್. ಮುಂದೆ ಕೆಟ್ಟರೆ ಬದಲಿಸಲು ಬೇಕಾಗುವ ಬಿಡಿ ಪ್ಯಾನೆಲ್‌ಗಳನ್ನು ಅದೇ ಬ್ಯಾಚಿನಿಂದಲೇ ತೆಗೆದಿಡಿ. ಬೇರೆ ಬ್ಯಾಚಿನದು ಹಾಕಿದರೆ ಬಣ್ಣದ ವ್ಯತ್ಯಾಸ ಎದ್ದು ಕಾಣಬಹುದು. ರಾತ್ರಿ ಬೆಳಕು ತಾನಾಗಿಯೇ ತಗ್ಗುವಂತಿರಲಿ.

ರಿಸೆಪ್ಷನ್‌ನಲ್ಲಿ ಕೂರುವವರನ್ನು ಮರೆಯಬೇಡಿ. ಅತಿಥಿ ಎರಡು ನಿಮಿಷ ಕೇಳುವ ಸಂಗೀತವನ್ನು ಅವರು ಇಡೀ ಪಾಳಿ ಕೇಳಬೇಕು, ಅಲ್ವಾ? ಶಬ್ದ ಇಲ್ಲದಿದ್ದರೆ ಇನ್ನೂ ಒಳ್ಳೆಯದು. ಸೆಕೆಂಡಿಗೆ ಮೂರಕ್ಕಿಂತ ಜಾಸ್ತಿ ಸಲ ಮಿನುಗುವ ಬೆಳಕಂತೂ ಬೇಡವೇ ಬೇಡ, ಕೆಲವರಿಗೆ ಫಿಟ್ಸ್ ಬರಬಹುದು.

ಕರೆಂಟ್ ಹೋಗಿ ಬಂದರೆ ಕಂಪ್ಯೂಟರ್ ತಾನೇ ಎದ್ದು ಕಾರ್ಯಕ್ರಮ ಶುರು ಮಾಡಬೇಕು. ಸೆನ್ಸರ್ ಕೈಕೊಟ್ಟರೂ ಚಿತ್ರ ಓಡುತ್ತಿರಬೇಕು. ಆಫ್ ಮಾಡುವ ಸ್ವಿಚ್ ಎಲ್ಲಿದೆ, ಯಾರಿಗೆ ಫೋನ್ ಮಾಡಬೇಕು ಅಂತ ಒಂದು ಹಾಳೆಯಲ್ಲಿ ಬರೆದು ರಾತ್ರಿ ಪಾಳಿಯ ಮ್ಯಾನೇಜರ್ ಕೈಗೆ ಕೊಡಿ.