ಹೆಪ್ಪುಗಟ್ಟುವ ಚಳಿಗೆ ಎಂಥ ಚಾಕು?

ಚಾಕು ಕೊಳ್ಳುವವರು ಮೊದಲು ಕೇಳುವುದು ಉಕ್ಕು ಯಾವುದು ಎಂದು. ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಮೊದಲು ನೋಡಬೇಕಾದದ್ದು ಹಿಡಿ, ಆಮೇಲೆ ಒರೆ. ಉಕ್ಕಿನ ಮಾತು ಕೊನೆಗೆ. ಒರೆಯಿಂದ ಹೊರಬಾರದ, ಕೈಗವಸು ತೊಟ್ಟ ಮುಷ್ಟಿಯಲ್ಲಿ ನಿಲ್ಲದ ಚಾಕು ಎಷ್ಟು ಒಳ್ಳೆಯ ಉಕ್ಕಿನದಾದರೇನು?

ಮಡಚುವ ಚಾಕು ಬೇಡವೇ ಬೇಡ. ಕೀಲಿನೊಳಗೆ ಹೊಕ್ಕ ಹಿಮ ಕರಗಿ ಮತ್ತೆ ಗಟ್ಟಿಯಾದರೆ ಅಲಗು ತೆರೆಯುವುದಿಲ್ಲ. ತೆರೆದರೂ ಲಾಕ್ ಪೂರ್ತಿ ಕೂರದೆ ಕೆಲಸದ ನಡುವೆ ಬೆರಳಿನ ಮೇಲೇ ಮಡಚಿಕೊಳ್ಳಬಹುದು.

ಹಿಡಿಯನ್ನು ಬರಿಗೈಯಲ್ಲಿ ಹಿಡಿದು ನೋಡಿ ಪ್ರಯೋಜನವಿಲ್ಲ. ನೀವು ಹಾಕಿಕೊಳ್ಳುವ ಅತಿ ದಪ್ಪನೆಯ ಕೈಗವಸು ತೊಟ್ಟೇ ನೋಡಿ. ಉದ್ದ 11ರಿಂದ 12 ಸೆಂ.ಮೀ. ಇರಲಿ, 10 ಸೆಂ.ಮೀ. ಆದರೆ ಕಿರುಬೆರಳು ಹೊರಗೇ ಉಳಿದು ಹಿಡಿತ ತಿರುಗುತ್ತದೆ. ಕೈಗವಸಿನೊಳಗಿನ ಬೆರಳಿಗೆ ಅಲಗು ಎಲ್ಲಿ ಶುರುವಾಯಿತೆಂಬುದೇ ತಿಳಿಯದು, ಹಾಗಾಗಿ ಹಿಡಿಯ ಮುಂತುದಿಯಲ್ಲಿ ಬೆರಳು ಜಾರದಂತೆ ಸಣ್ಣದೊಂದು ಉಬ್ಬಾದರೂ ಬೇಕು. ಲೋಹ ಮಾತ್ರ ಕೈಗೆ ತಾಗಬಾರದು: ಅದು ಕೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ, ಕಡುಚಳಿಯಲ್ಲಿ ಒದ್ದೆ ಚರ್ಮ ಅದಕ್ಕೆ ಅಂಟಿಯೇ ಬಿಡುತ್ತದೆ. ಉಕ್ಕು ಹಿಡಿಯ ಸುತ್ತ ಅಂಚಿನುದ್ದಕ್ಕೂ ಕಾಣುವ ಫುಲ್ ಟ್ಯಾಂಗ್ ಚಾಕುಗಳ ತೊಂದರೆ ಇದೇ. ಫಿನ್‌ಲೆಂಡಿನ ಪೂಕ್ಕೊ ಚಾಕುವಿನಲ್ಲಿ ಉಕ್ಕಿನ ಬಾಲ ಬರ್ಚ್ ಮರದ ಹಿಡಿಯೊಳಗೆ ಅಡಗಿರುತ್ತದೆ. ಚಳಿಗೆ ಹೇಳಿಮಾಡಿಸಿದ ರಚನೆ. ಆದರೆ ಅದಕ್ಕೆ ಸಾಮಾನ್ಯವಾಗಿ ಬೆರಳು ತಡೆ ಇರುವುದಿಲ್ಲ, ಹೊಸಬರು ಇದನ್ನು ಮರೆಯಬಾರದು. ಮರ ಇಷ್ಟವಿಲ್ಲದಿದ್ದರೆ ಒರಟು ಮೈಯ ರಬ್ಬರ್ ಹಿಡಿ ಆದೀತು.

ಒರೆಯನ್ನು ಮನೆಯಲ್ಲೇ ಪರೀಕ್ಷಿಸಬಹುದು. ನೀರಲ್ಲಿ ಅದ್ದಿ, ಬಸಿದು, ಚಾಕು ಸಿಕ್ಕಿಸಿ ರಾತ್ರಿಯಿಡೀ ಫ್ರೀಜರ್‌ನಲ್ಲಿಡಿ. ಅಲ್ಲಿ ಸುಮಾರು ಮೈನಸ್ 18 ಡಿಗ್ರಿ ಇರುತ್ತದೆ. ಬೆಳಿಗ್ಗೆ ಕೈಗವಸು ತೊಟ್ಟು ಒಂದೇ ಕೈಯಲ್ಲಿ ಎಳೆಯಿರಿ. ಚರ್ಮದ ಒರೆ ನೀರು ಕುಡಿದು ಕಲ್ಲಾಗುತ್ತದೆ, ಒಳಗೆ ಪ್ಲಾಸ್ಟಿಕ್ ಪದರವಿದ್ದರೆ ವಾಸಿ. ಪ್ಲಾಸ್ಟಿಕ್ ಒರೆ ನೀರು ಹೀರುವುದಿಲ್ಲ, ಆದರೆ ಕಳಪೆಯದಾದರೆ ಚಳಿಯಲ್ಲಿ ಪೆಡಸಾಗಿ, ಕೆಳಗೆ ಬಿದ್ದಾಗ ಸೀಳುತ್ತದೆ. ಯಾವುದಾದರೂ ಸರಿ, ತುದಿಯಲ್ಲಿ ನೀರಿಳಿಯಲು ತೂತಿರಬೇಕು. ಸಾಮಾನ್ಯವಾಗಿ ಚಾಕು ಸಿಕ್ಕಿಹಾಕಿಕೊಳ್ಳುವುದು ಅಲಗಿನ ಜೊತೆಗೇ ಒಳಹೋದ ಹಿಮದಿಂದ, ಆದ್ದರಿಂದ ಪ್ರತಿ ಸಲವೂ ಒರೆಸಿಯೇ ಒಳಗಿಡಿ. ಒರೆಯು ಉದ್ದನೆಯ ಕೋಟಿನ ಅಂಚಿಗಿಂತ ಕೆಳಗೆ ತೂಗುವಂತಿದ್ದರೆ, ಚಾಕು ಬೇಕಾದಾಗಲೆಲ್ಲ ಕೋಟು ಎತ್ತುವ ಕಾಟವಿಲ್ಲ.

ಇನ್ನು ಅಲಗು. 9ರಿಂದ 11 ಸೆಂ.ಮೀ. ಉದ್ದ, 3ರಿಂದ 4 ಮಿ.ಮೀ. ದಪ್ಪ ಸಾಕು. ಚಳಿ ಏರಿದಂತೆ ಉಕ್ಕಿನ ತಾಳಿಕೆ ಇಳಿಯುತ್ತದೆ, ಹೆಪ್ಪುಗಟ್ಟಿದ ಕಟ್ಟಿಗೆಯ ಗಂಟು ಕಲ್ಲಿನಷ್ಟು ಗಟ್ಟಿಯಾಗುತ್ತದೆ. ಎರಡೂ ಸೇರಿ ಅಲಗಿನ ತೆಳು ಬಾಯಿಯಿಂದ ಚಕ್ಕೆ ಏಳುತ್ತದೆ. ಹೆಚ್ಚು ಗಡಸಿನ, ಒಳಗೆ ದಪ್ಪ ಕಾರ್ಬೈಡ್ (ಇಂಗಾಲ ಸೇರಿದ ಗಡಸು) ಕಣಗಳಿರುವ ಡಿ2 ಬಗೆಯ ಉಕ್ಕಿಗಿಂತ ಗಡಸುತನ ಅಳೆಯುವ ರಾಕ್‌ವೆಲ್ ಮಾಪಕದಲ್ಲಿ 57–59 ಬರುವ 80ಸಿಆರ್‌ವಿ2 ಅಥವಾ ತುಕ್ಕು ತಡೆಯುವ 14ಸಿ28ಎನ್ ಮೇಲು. ಬಾಯಿ ತೀರಾ ತೆಳುವಾಗಿದ್ದರೆ ಸಾಣೆಕಲ್ಲಿನ ಮೇಲೆ ನಾಲ್ಕಾರು ಎಳೆತದಲ್ಲಿ, ಎರಡೂ ಬದಿ ಸೇರಿ ಸುಮಾರು 30 ಡಿಗ್ರಿಯ ಕಿರು ಅಂಚು ಕೊಡಿ. ಚೂಪು ತುಸು ಇಳಿಯುತ್ತದೆ, ಬಾಯಿ ಉಳಿಯುತ್ತದೆ.

ಅಲಗಿನ ಬೆನ್ನಿಗೆ ಬಡಿದು ಕಟ್ಟಿಗೆ ಸೀಳುವ ಮುನ್ನ ಚಾಕುವನ್ನು ಒರೆಸಮೇತ ಕೋಟಿನೊಳಗೆ ಸ್ವಲ್ಪ ಹೊತ್ತು ಇಟ್ಟು ಬೆಚ್ಚಗಾಗಿಸಿ. ಬೆಂಕಿಗೆ ಹಿಡಿಯಬೇಡಿ, ಬಾಯಿ ತೆಳುವಾದ್ದರಿಂದ ಬೇಗ ಕಾಯುತ್ತದೆ, 200 ಡಿಗ್ರಿ ದಾಟಿದರೆ ಉಕ್ಕಿನ ಹದ ಕೆಡುತ್ತದೆ. ಕಟ್ಟಿಗೆಯಲ್ಲಿ ಸಿಕ್ಕಿಕೊಂಡ ಅಲಗನ್ನು ತಿರುಚಿ ಬಿಡಿಸುವುದೂ ಬೇಡ.

ಚಳಿಯಿಂದ ಬೆಚ್ಚನೆಯ ಡೇರೆಗೆ ತಂದ ಕೂಡಲೇ ಅಲಗಿನ ಮೇಲೆ ಇಬ್ಬನಿ ಕೂರುತ್ತದೆ, ತುಕ್ಕು ಶುರುವಾಗುವುದು ಅಲ್ಲೇ. ಒರೆಯಿಂದ ತೆಗೆದು, ಒರೆಸಿ, ಒಣಗಲು ಬಿಡಿ. ಇಲ್ಲವೇ ಹೊರಗೇ ಇಡಿ. ತೆಳು ಮಿನರಲ್ ಎಣ್ಣೆ ಒಂದು ಹನಿ ಸಾಕು.

ಬಣ್ಣದ ಬಗ್ಗೆ ಒಂದು ಮಾತು. ಕಪ್ಪು ಹಿಡಿ ಹಿಮದಲ್ಲಿ ಎದ್ದು ಕಾಣುತ್ತದೆ ಅನ್ನುವವರಿದ್ದಾರೆ. ಕಾಣುವುದು ಮೇಲೆ ನಿಂತರೆ ತಾನೇ? ಸಡಿಲ ಹಿಮಕ್ಕೆ ಬಿದ್ದ ಚಾಕು ಸೀದಾ ಒಳಗಿಳಿಯುತ್ತದೆ. ಹಿಡಿಯ ತುದಿಗೆ ಗೇಣುದ್ದದ ಕೆಂಪು ಅಥವಾ ಕಿತ್ತಳೆ ದಾರ ಕಟ್ಟಿ, ಆದರೆ ಕೆತ್ತುವಾಗ ಅದನ್ನು ಮಣಿಕಟ್ಟಿಗೆ ಸುತ್ತಿಕೊಳ್ಳಬೇಡಿ: ಜಾರಿದ ಚಾಕು ತೂಗಿಕೊಂಡು ಕೈಗೇ ಬಂದು ಬಡಿಯುತ್ತದೆ.